ಮೈಲೇಜ್ ಎಷ್ಟು ಕೊಡುತ್ತೆ, ಅಳಿಯಂದ್ರೇ?

ಕ್ಯಾಲಿಫೋರ್ನಿಯದ ಕನ್ನಡಿಗನಿಗೆ ಲಕ್ಷುರಿ ಕಾರು ಬೇಕು. ಅದರ ದುಡ್ಡು ಕೊಡಲು ಮಾತ್ರ ಕೈ ಬರುವುದಿಲ್ಲ. ಹೊಸತರಲ್ಲಿ 69,500 ಡಾಲರಿಂದ ಶುರುವಾಗುತ್ತಿದ್ದ 2019ರ ಜಾಗ್ವಾರ್ ಐ-ಪೇಸ್ ಈಗ ಅದರ ಮೂರನೇ ಒಂದು ಪಾಲಿಗೆ ಸಿಗುತ್ತದೆ ಎಂದು ತಿಳಿದದ್ದೇ ತಡ, ಫ್ರೀಮಾಂಟಿನ ನಮ್ಮ ಮನೆಯಲ್ಲಿ ಅದೇ ಕೈ ತುರಿಸತೊಡಗಿತು. ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನದಲ್ಲಿ ಜನ ದೇವರ ಮುಖ ನೋಡುವ ಮೊದಲು ಪಕ್ಕದ ಕಾರಿನ ಲೋಗೊ ನೋಡುತ್ತಾರೆ. ಅಂಥ ಪಾರ್ಕಿಂಗಿನಲ್ಲಿ ನಮ್ಮ ಹಳೇ ಟೊಯೋಟಾ ಇನ್ನೆಷ್ಟು ದಿನ ತಲೆ ತಗ್ಗಿಸಿ ನಿಲ್ಲಬೇಕು?

"ರೀ, ಬ್ಯಾಟರಿ ಹೋದರೆ ಮೈಸೂರಲ್ಲಿ ಅರ್ಧ ಸೈಟಿನ ದುಡ್ಡು ಹೋಗುತ್ತೆ. ನೋಡ್ಕೊಳ್ಳಿ," ಎಂದಳು ಹೆಂಡತಿ. ನಾನು ಸಾಫ್ಟ್‌ವೇರಿನವನು. ನೋಡಿಕೊಳ್ಳುವುದು ಎಂದರೆ ಎಕ್ಸೆಲ್ ಶೀಟು ತೆರೆಯುವುದು.

ಶೀಟು ಚೆನ್ನಾಗಿಯೇ ಬಂತು. ಇಲ್ಲಿ ಎಲೆಕ್ಟ್ರಿಕ್ ಕಾರಿನ ದೊಡ್ಡ ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,00,000 ಮೈಲಿಯ ವಾರಂಟಿ ಇರುತ್ತದೆ. ಸಾಮರ್ಥ್ಯ ಶೇ. 70ಕ್ಕಿಂತ ಕೆಳಗಿಳಿದರೂ ಹಲವು ಕಂಪನಿಗಳು ಹೊಣೆ ಹೊರುತ್ತವೆ. ಆದರೆ ಲೆಕ್ಕ ಶುರುವಾಗುವುದು ಕಾರು ಮೊದಲ ಓನರ್ ಕೈಸೇರಿದ ದಿನದಿಂದ, ನಾವು ಕೊಂಡ ದಿನದಿಂದಲ್ಲ. ಇನ್ನು ಪರದೆ ಮೇಲೆ ಕಾಣುವ "ಇಷ್ಟು ಮೈಲಿ ಓಡುತ್ತೆ" ಬರೀ ಅಂದಾಜು. ಹಲವು ಕಾರುಗಳಲ್ಲಿ ಹಿಂದಿನ ಓನರ್ ಓಡಿಸಿದ ರೀತಿಯಂತೆ ಏರಿಳಿಯುತ್ತದೆ. ಅದನ್ನು ನಂಬದೆ ಬ್ಯಾಟರಿಯ ಆರೋಗ್ಯದ ರಿಪೋರ್ಟನ್ನೇ ಕೇಳಬೇಕು. ಇಷ್ಟೆಲ್ಲ ಓದಿ ನಾನು ಪಂಡಿತನಾದೆ.

ಆಗಲೇ ಮಾವನವರು ಕೇಳಿದ್ದು: "ಮೈಲೇಜ್ ಎಷ್ಟು ಕೊಡುತ್ತೆ, ಅಳಿಯಂದ್ರೇ?"

ಮಾವನವರು ಕೆಎಸ್‌ಆರ್‌ಟಿಸಿಯ ಹಾಸನದ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಆರು ತಿಂಗಳಿಗೆಂದು ಅತ್ತೆಯ ಜೊತೆ ಬಂದಿದ್ದರು. ಜಾಗ್ವಾರ್ 2008ರಿಂದ ಟಾಟಾದವರದ್ದು ಎಂದೆ. "ಹಾಗಾದ್ರೆ ನಮ್ಮದೇ! ಟಾಟಾ ಬಸ್ಸು ಬಿಚ್ಚಿ ಜೋಡಿಸಿದವನು ನಾನು," ಎಂದು ಹಿಗ್ಗಿದರು. ಹಿಗ್ಗು ಬಹಳ ಹೊತ್ತು ಉಳಿಯಲಿಲ್ಲ. ಕಾರಿನ 17 ಅಕ್ಷರ-ಅಂಕಿಗಳ ವಿನ್ ನಂಬರನ್ನು ಇಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆಯ ತಾಣಕ್ಕೆ ಹಾಕಿದರೆ ಬಾಕಿ ಇರುವ ರೀಕಾಲ್‌ಗಳೆಲ್ಲ ಪುಕ್ಕಟೆಯಾಗಿ ತಿಳಿಯುತ್ತವೆ. 2019ರ ಐ-ಪೇಸ್‌ಗಳಲ್ಲಿ 2,700ಕ್ಕೂ ಹೆಚ್ಚು ಕಾರುಗಳಿಗೆ 2024ರಲ್ಲಿ ಬೆಂಕಿಯ ಭಯದ ರೀಕಾಲ್ ಬಂದಿತ್ತು: ಶೇ. 80ಕ್ಕಿಂತ ಹೆಚ್ಚು ಚಾರ್ಜ್ ಮಾಡಬೇಡಿ, ಮನೆಯಿಂದ ದೂರ ನಿಲ್ಲಿಸಿ.

"ದೂರ ಅಂದ್ರೆ? ರಾತ್ರಿ ಎದ್ದು ಇಣುಕಿ ನೋಡಬೇಕಾ?" ಎಂದರು ಅತ್ತೆ. ಆ ಅಧ್ಯಾಯ ಅಲ್ಲಿಗೆ ಮುಗಿಯಿತು.

ಟೆಸ್ಲಾದ ಮಾಡೆಲ್ ಎಸ್ ಕಥೆಯನ್ನೂ ಹೇಳಿದೆ. 2021ರಲ್ಲಿ ಎಸ್ ಮತ್ತು ಎಕ್ಸ್ ಸೇರಿ ಸುಮಾರು 1,35,000 ಹಳೇ ಕಾರುಗಳನ್ನು ಪರದೆಯ ಸಲುವಾಗಿ ರೀಕಾಲ್ ಮಾಡಿದರು. ಒಳಗಿನ ಮೆಮೊರಿ ಚಿಪ್ಪಿಗೆ ಬರೆದು ಬರೆದು ಅದು ಸವೆದು, ಪರದೆ ಕಪ್ಪಾಗುತ್ತಿತ್ತು. "ಟೈರ್ ಸವೆಯೋದು ಕೇಳಿದ್ದೆ, ಬ್ರೇಕ್ ಸವೆಯೋದು ಕೇಳಿದ್ದೆ. ಟೀವಿ ಸವೆಯುತ್ತಾ?" ಎಂದು ಮಾವನವರು ನನ್ನನ್ನೇ ದಿಟ್ಟಿಸಿದರು, ನಾನೇ ಬರೆದು ಸವೆಸಿದೆನೇನೋ ಎಂಬಂತೆ.

ಕೊನೆಗೆ ಇನ್ನೊಂದು ಕಂಪನಿಯ ಕಾರು ನೋಡಹೊರಟೆವು. ಹೆಸರು ಹೇಳುವುದಿಲ್ಲ, ಆ ಕಾರಿಟ್ಟುಕೊಂಡಿರುವ ಗೆಳೆಯರು ಯುಗಾದಿಗೆ ನಮ್ಮನ್ನು ಒಬ್ಬಟ್ಟಿಗೆ ಕರೆಯುತ್ತಾರೆ. ಸೇಲ್ಸ್‌ಮನ್ ಸೀಟಿನ ಚರ್ಮ ಹೊಗಳಿದ. ಅತ್ತೆ ಹಿಂದೆ ಕೂತು ಮೇಲೆ ನೋಡಿದರು, ಇಡೀ ಗಾಜು. "ಇಷ್ಟು ದುಡ್ಡು ಕೊಟ್ಟು ಸೂರಿಲ್ಲದ ಗಾಡಿನಾ?" ಮಾವನವರು ಬಾನೆಟ್ ತೆಗೆಸಿ ಇಂಜಿನ್ ಹುಡುಕಿದರು, ಸಿಗಲಿಲ್ಲ. ಸ್ಟೆಪ್ನಿ ಕೇಳಿದರು, ಅದೂ ಇಲ್ಲ. "ಇಂಜಿನ್ ಇಲ್ಲದಿದ್ರೆ ಇರಲಿ. ಸ್ಟೆಪ್ನಿ ಇಲ್ಲದೆ ಸಕಲೇಶಪುರ ಘಾಟಿ ಇಳಿಯೋದು ಹೇಗೆ?" ಸೇಲ್ಸ್‌ಮನ್ ನನ್ನ ಮುಖ ನೋಡಿದ. ನಾನು ಅನುವಾದಿಸಲಿಲ್ಲ. ಆದರೆ ಮುಂದೆ ಮೂಲೆಯಲ್ಲಿ ಚಿಕ್ಕ 12 ವೋಲ್ಟ್ ಬ್ಯಾಟರಿ ಕಂಡಾಗ ಮಾವನವರ ಮುಖ ಅರಳಿತು. "ಓಹೋ, ಇವನೂ ಇದ್ದಾನೆ!" ನೆಲದಡಿಯ ಮಹಾ ಬ್ಯಾಟರಿ ಭರ್ತಿ ಇದ್ದರೂ ಈ ಪುಟ್ಟದು ಸತ್ತರೆ ಕಾರು ಏಳುವುದೇ ಇಲ್ಲ.

ಆಮೇಲೆ ಅವರು ಪ್ಯಾಂಟಿನ ಮಂಡಿ ಕೊಳೆಯಾಗುವುದನ್ನೂ ಲೆಕ್ಕಿಸದೆ ಕೂತು ಟೈರಿನ ಒಳಅಂಚಿಗೆ ಕೈಹಾಕಿದರು. ಹೊರಗೆ ಹೊಸದರಂತಿದ್ದ ಟೈರು ಒಳಗೆ ನುಣ್ಣಗೆ ಬೋಳು. ನಂತರ ದೂರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರು. "ಎಡಗಡೆ ಮುಂದೆ ಕೂತಿದೆ ನೋಡಿ. ಬೆಲ್ಲೋಸ್ ಲೀಕು."

ಈ ಕಾರುಗಳ ಮೆತ್ತನೆ ಓಟಕ್ಕೆ ಕಾರಣ ಏರ್ ಸಸ್ಪೆನ್ಷನ್, ಅಂದರೆ ಬೆಲ್ಲೋಸ್ ಎಂಬ ಗಾಳಿ ಚೀಲ. ಕೆಎಸ್‌ಆರ್‌ಟಿಸಿಯ ಐರಾವತ ವೋಲ್ವೋ ಬಸ್ಸಿನಲ್ಲೂ ಅದೇ ಗಾಳಿ ಚೀಲ. ರಾತ್ರಿಯಿಡೀ ಗಾಳಿ ಸೋರಿದರೆ ಬೆಳಗ್ಗೆ ಒಂದು ಮೂಲೆ ತಗ್ಗಿರುತ್ತದೆ. ಸ್ಟಾರ್ಟ್ ಮಾಡಿದ ಮೇಲೆ ಕಂಪ್ರೆಸರ್ ಎತ್ತಿ ಸಮ ಮಾಡಿಬಿಡುತ್ತದೆ, ಸೋರಿಕೆ ಹೆಚ್ಚಾದಷ್ಟೂ ಕಂಪ್ರೆಸರಿನ ಆಯುಷ್ಯ ಕಡಿಮೆ. ನಾವು ಹೇಳದೆ ಕೇಳದೆ ಬೆಳಗ್ಗೆಯೇ ಹೋಗಿದ್ದರಿಂದ ಸೇಲ್ಸ್‌ಮನ್‌ಗೆ ಎತ್ತಿಸಲು ಸಮಯ ಸಿಗಲಿಲ್ಲ.

ನನ್ನ ಶೀಟಿನಲ್ಲಿ ಬ್ಯಾಟರಿಗೆ ಎಂಟು ಕಾಲಂ ಇದ್ದವು, ಬೆಲ್ಲೋಸ್‌ಗೆ ಒಂದೂ ಇರಲಿಲ್ಲ. ಎಲ್ಲರೂ ಹೆದರುವ ಬ್ಯಾಟರಿಗೆ 8 ವರ್ಷ ರಕ್ಷಣೆ. ಲಕ್ಷುರಿ ಎನ್ನಿಸಿಕೊಳ್ಳುವ ಗಾಳಿ ಚೀಲ, ತಾನಾಗಿ ಹೊರಬರುವ ಬಾಗಿಲ ಹಿಡಿ, ದೊಡ್ಡ ಪರದೆ ಇವಕ್ಕೆಲ್ಲ ಸಾಮಾನ್ಯ ವಾರಂಟಿ, ಹಲವು ಕಂಪನಿಗಳಲ್ಲಿ 4 ವರ್ಷ ಅಥವಾ 50,000 ಮೈಲಿ. ಅಗ್ಗಕ್ಕೆ ಸಿಗುವ ಹೊತ್ತಿಗೆ ಅದು ಮುಗಿದಿರುತ್ತದೆ. ಕಾರಿನ ಬೆಲೆ ಇಳಿದಿರುತ್ತದೆ, ಬಿಡಿಭಾಗದ ಬೆಲೆ ಇಳಿದಿರುವುದಿಲ್ಲ. 25,000 ಡಾಲರ್‌ವರೆಗಿನ ಹಳೇ ಎಲೆಕ್ಟ್ರಿಕ್ ಕಾರಿಗೆ ಸರ್ಕಾರ ಕೊಡುತ್ತಿದ್ದ 4,000 ಡಾಲರ್‌ವರೆಗಿನ ತೆರಿಗೆ ರಿಯಾಯಿತಿಯೂ 2025ರ ಸೆಪ್ಟೆಂಬರ್ 30ಕ್ಕೆ ನಿಂತುಹೋಯಿತು.

ಸದ್ಯಕ್ಕೆ ಟೊಯೋಟಾವೇ ಇದೆ. ನೀವೂ ಇಂಥ ಕಾರು ನೋಡುವ ಹುನ್ನಾರದಲ್ಲಿದ್ದರೆ ತಿಳಿಸಿ. ಮಾವನವರು ಅಕ್ಟೋಬರ್‌ವರೆಗೆ ಇಲ್ಲೇ ಇರುತ್ತಾರೆ, ಮನೆಯಲ್ಲಿ ಕೂತು ಬೇಜಾರಾಗಿದೆ ಎನ್ನುತ್ತಿದ್ದಾರೆ. ಬೆಳಗ್ಗೆ ಬೇಗ ಬಂದು ಕರೆದುಕೊಂಡು ಹೋಗಿ. ಫೀಸು ಒಂದು ಲೋಟ ಫಿಲ್ಟರ್ ಕಾಫಿ, ಸಕ್ಕರೆ ಬೇಡ.