ಎನ್‌ರೋಲ್‌ಮೆಂಟ್ ಆಯ್ತಾ ಬ್ರೋ?

ಲಂಡನ್ನಿಗೆ ಓದಲು ಹೋದ ಹುಡುಗನ ಮೊದಲ ವಾರದಲ್ಲಿ ಓದೊಂದನ್ನು ಬಿಟ್ಟು ಮಿಕ್ಕೆಲ್ಲವೂ ನಡೆಯುತ್ತದೆ. ಅದಕ್ಕೆ ಹುಡುಗನನ್ನು ಬೈಯಬೇಡಿ. ವಿಶ್ವವಿದ್ಯಾಲಯದವರೇ ಅದಕ್ಕೆ ವೆಲ್‌ಕಮ್ ವೀಕ್ ಎಂದು ಹೆಸರಿಟ್ಟು, ಪಾಠದ ಬದಲು ಒಂದು ಬಟ್ಟೆ ಚೀಲ, ಒಂದು ಪೆನ್ನು, ಒಂದು ತುಂಡು ಪಿಜ್ಜಾ ಕೈಗಿಟ್ಟು ಕಳಿಸುತ್ತಾರೆ. ಒಂದು ವರ್ಷದ ಎಂಎಸ್ಸಿಗೆ 20 ಲಕ್ಷದ ಆಸುಪಾಸು ಶುಲ್ಕ ತೆತ್ತವನಿಗೆ ಆ ಪಿಜ್ಜಾ ಎಷ್ಟಕ್ಕೆ ಬಿತ್ತು ಎಂಬ ಲೆಕ್ಕ ನಮಗೆ ಬೇಡ, ಬ್ಯಾಂಕಿನವರು ಹಾಕುತ್ತಿದ್ದಾರೆ. ಸಾಲದ ಕಂತು ಕೋರ್ಸು ಮುಗಿದ ಮೇಲೆ ಶುರುವಾದೀತು. ಬಡ್ಡಿಗೆ ಮಾತ್ರ ವೆಲ್‌ಕಮ್ ವೀಕ್ ಇಲ್ಲ.

ನಮ್ಮ ಹುಡುಗ ದಾವಣಗೆರೆಯವನು ಎಂದಿಟ್ಟುಕೊಳ್ಳೋಣ. 2025ರ ಸೆಪ್ಟೆಂಬರಿನಲ್ಲಿ ವಿಮಾನ ಹತ್ತಿದ. ಅದಕ್ಕೂ ಮುಂಚೆ ಅವರಪ್ಪ 28 ದಿನ ಶ್ರೀಮಂತರಾಗಿದ್ದರು. ಶುಲ್ಕವಲ್ಲದೆ, ಲಂಡನ್ನಿನಲ್ಲಿ ತಿಂಗಳಿಗೆ 1,483 ಪೌಂಡಿನಂತೆ 9 ತಿಂಗಳ ಖರ್ಚಿನ ದುಡ್ಡು ಖಾತೆಯಲ್ಲಿ 28 ದಿನ ಕದಲದೆ ಕೂತಿರಬೇಕು ಎಂಬುದು ಆಗಿನ ವೀಸಾ ನಿಯಮ. ಪೌಂಡಿಗೆ ನೂರಾ ಹದಿನೈದು ರೂಪಾಯಿ ಹಿಡಿದರೂ ಹದಿನೈದು ಲಕ್ಷ ದಾಟುತ್ತದೆ. ಚನ್ನಗಿರಿಯ ಚಿಕ್ಕಪ್ಪನ ಅಡಕೆ ದುಡ್ಡು, ಅತ್ತೆಯ ಎಫ್‌ಡಿ, ಭಾವ ಎತ್ತಿದ ಚೀಟಿ ಎಲ್ಲ ಬಂದು ಅಪ್ಪನ ಪಾಸ್‌ಬುಕ್ಕಿನಲ್ಲಿ ಠಿಕಾಣಿ ಹೂಡಿದವು. ಸ್ಟೇಟ್‌ಮೆಂಟ್ ಪ್ರಿಂಟ್ ಆದ ಮರುದಿನ ಬಂದ ದಾರಿಯಲ್ಲೇ ಹೊರಟವು. ಈಗ ಹುಡುಗನ ಹತ್ತಿರ ಇರುವುದು ಆ ದುಡ್ಡಲ್ಲ, ಆ ದುಡ್ಡಿನ ಪ್ರಿಂಟು.

ಹೀಥ್ರೂನಲ್ಲಿ ಇಳಿದಾಗ ಅವನ ಜತೆ 23 ಕಿಲೋದ ಎರಡು ಸೂಟ್‌ಕೇಸು. ಕುಕ್ಕರು, ಚಟ್ನಿಪುಡಿ, ಮಂಡಕ್ಕಿ, ಪುಳಿಯೋಗರೆ ಗೊಜ್ಜು. ತುಪ್ಪದ ಡಬ್ಬಿ ಬೇಡವೆಂದರೂ ಅಮ್ಮ ಕೇಳಿರಲಿಲ್ಲ. ಹೊರದೇಶದ ಹಾಲು-ತುಪ್ಪ ಒಳಗೆ ಬಿಡುವುದಿಲ್ಲ ಎಂಬ ಬ್ರಿಟಿಷ್ ಕಾನೂನು ಅಮ್ಮಂದಿರಿಗೆ ಅನ್ವಯಿಸುವುದಿಲ್ಲವಷ್ಟೆ. ಇಷ್ಟೆಲ್ಲ ಹೊತ್ತು ಈಸ್ಟ್ ಹ್ಯಾಮ್ ತಲುಪಿದರೆ, ಅಲ್ಲಿನ ಬೀದಿಯ ಅಂಗಡಿಗಳಲ್ಲಿ ಇಡ್ಲಿ ರವೆಯಿಂದ ಕರಿಬೇವಿನವರೆಗೆ ಎಲ್ಲವೂ ಅವನಿಗಿಂತ ಮೊದಲೇ ಬಂದು ಸಾಲಾಗಿ ಕೂತಿದ್ದವು.

ಮನೆ ಸಿಕ್ಕಿತು. ಅಂದರೆ ಮನೆಯ ಒಂದು ಕೋಣೆಯ ಒಂದು ಗೋಡೆಯ ಪಕ್ಕ ಒಂದು ಹಾಸಿಗೆ ಸಿಕ್ಕಿತು. ಬಾಡಿಗೆಗೆ ಜಾಮೀನು ಕೇಳಿದರು, ಜಾಮೀನುದಾರ ಬ್ರಿಟನ್ನಿನಲ್ಲೇ ಇರಬೇಕಂತೆ. ಇಮಿಗ್ರೇಷನ್ ಅಧಿಕಾರಿಯನ್ನು ಬಿಟ್ಟರೆ ಆ ದೇಶದಲ್ಲಿ ಅವನನ್ನು ಕಂಡವರೇ ಇಲ್ಲ. ಕೊನೆಗೆ ಕಾಗದ-ಪತ್ರ ಕೇಳದ, ನಗದನ್ನಷ್ಟೇ ಕೇಳುವ ಒಬ್ಬ ಅಂಕಲ್ ದಯೆ ತೋರಿದರು. ಜತೆಗಿರುವವರು ಇಬ್ಬರು ಗುಂಟೂರಿನವರು, ಒಬ್ಬ ಮೆಹಸಾಣದವನು, ಒಬ್ಬ ಜಲಂಧರಿನವನು. ಐಇಎಲ್‌ಟಿಎಸ್‌ನಲ್ಲಿ ಆರೂವರೆ ತರಲು ನಮ್ಮ ಹುಡುಗ ಎರಡು ಸಲ ಪರೀಕ್ಷೆಗೆ ಕೂತಿದ್ದ. ಲಂಡನ್ನಿನಲ್ಲಿ ಮೊದಲ ವಾರ ಬಳಕೆಯಾಗಿದ್ದು ಹಿಂದಿ ಮತ್ತು ಅರೆಬರೆ ತೆಲುಗು. ಇಂಗ್ಲಿಷಿನಲ್ಲಿ ಅವನೊಡನೆ ತಪ್ಪದೆ ಮಾತಾಡಿದ್ದು ಬಸ್ಸು. ಮುಂದಿನ ಸ್ಟಾಪು ಯಾವುದೆಂದು ಹೇಳುತ್ತಿತ್ತು.

ಇನ್ನು ವಿಶ್ವವಿದ್ಯಾಲಯ. ಬ್ರೋಶರಿನಲ್ಲಿ ಹಸಿರು ಹುಲ್ಲು, ಬಳ್ಳಿ ಹಬ್ಬಿದ ಕಲ್ಲಿನ ಗೋಡೆ, ನಗುವ ನಾಲ್ಕು ಬಣ್ಣದ ಮುಖಗಳು. ಹೋಗಿ ನೋಡಿದರೆ ಕಚೇರಿ ಕಟ್ಟಡದ ನಾಲ್ಕನೇ ಮಹಡಿ. ಹುಲ್ಲು, ಬಳ್ಳಿ, ಗೋಡೆ ಎಲ್ಲ ಇರುವುದು ನಿಜ, ಇಲ್ಲಿಂದ ನಾಲ್ಕೈದು ಗಂಟೆ ಉತ್ತರಕ್ಕೆ ರೈಲಿನಲ್ಲಿ ಹೋದರೆ. ದೂರದ ಊರುಗಳ ಎಷ್ಟೋ ವಿಶ್ವವಿದ್ಯಾಲಯಗಳು ಲಂಡನ್ನಿನಲ್ಲಿ ಹೀಗೆ ಮಹಡಿ ಹಿಡಿದು ಕೂತಿವೆ, ಗಿರಾಕಿಯೇ ಹೆಚ್ಚಾಗಿ ಹೊರದೇಶದವರು. ವಾರಕ್ಕೆ ಎರಡು ದಿನ ಪಾಠ. ಸ್ವಾಗತ ಭಾಷಣದಲ್ಲಿ 'ವೈವಿಧ್ಯ' ಎಂಬ ಮಾತು ಎಂಟು ಹತ್ತು ಸಲ ಬಂತು. ಕೂತವರಲ್ಲಿ ಬಿಳಿಯರು ಯಾರಾದರೂ ಇದ್ದಾರೆಯೇ ಎಂದು ಹುಡುಗ ತಿರುಗಿ ನೋಡಿದ. ಇದ್ದರು, ಮೈಕು ಹಿಡಿದಿದ್ದರು.

ಈ ವಾರವಿಡೀ ದಾವಣಗೆರೆಯಿಂದ ಎರಡು ಫೋನು. ಅಮ್ಮನದು 'ಊಟ ಆತೇನಪ್ಪಾ?' ಇನ್ನೊಂದು ಕನ್ಸಲ್ಟೆನ್ಸಿಯವನದು: 'ಎನ್‌ರೋಲ್‌ಮೆಂಟ್ ಆಯ್ತಾ ಬ್ರೋ?' ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಊರಿನಲ್ಲಿ ಫೀಸಿಲ್ಲದೆ ಕೌನ್ಸೆಲಿಂಗ್ ಮಾಡಿದ ಪುಣ್ಯಾತ್ಮ, ಸುಮಾರು ಎಂಟು ಸಾವಿರ ಕಿಲೋಮೀಟರ್ ಆಚೆಗೂ ಹೀಗೆ ಕಾಳಜಿ ಮಾಡುತ್ತಾನಲ್ಲ ಎಂದು ಹುಡುಗನ ಕಣ್ಣು ತೇವವಾಯಿತು. ಗುಂಟೂರಿನವರಲ್ಲೊಬ್ಬ ತೇವ ಒರೆಸಿದ. ಮೊದಲ ವರ್ಷದ ಶುಲ್ಕದಲ್ಲಿ ಏಜೆಂಟಿಗೆ ವಿಶ್ವವಿದ್ಯಾಲಯ ಪಾಲು ಕೊಡುತ್ತದೆ, ಅದು ಕೈಗೆ ಬರುವುದು ಹುಡುಗ ಅಲ್ಲಿ ಹೋಗಿ ದಾಖಲಾದ ಮೇಲೆ. ಗುರುವಾರ ಮಧ್ಯಾಹ್ನ ದಾಖಲಾತಿ ಮುಗಿಯಿತು. ಗುರುವಾರ ಸಂಜೆಯಿಂದ ಕನ್ಸಲ್ಟೆನ್ಸಿಯ ಫೋನು ಬಿಜಿ.

ಆದರೂ ಯಾರೂ ಸುಳ್ಳು ಹೇಳಿರಲಿಲ್ಲ. 'ಪಾರ್ಟ್‌ಟೈಮ್ ಮಾಡ್ಕೊಂಡು ಖರ್ಚು ತೂಗಿಸ್ಬಹುದು' ಎಂದಿದ್ದರು ಕನ್ಸಲ್ಟೆನ್ಸಿಯವರು. ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಗೆ ಮೀರಿ ದುಡಿಯುವಂತಿಲ್ಲ ಎಂಬುದನ್ನು ಮಾತ್ರ ನಾವು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಸೈಕಲ್ಲು ಹತ್ತಿ ಊಟ ಹಂಚೋಣವೆಂದರೆ ಅದು ಸ್ವಂತ ಉದ್ಯೋಗದ ಲೆಕ್ಕಕ್ಕೆ ಬರುತ್ತದೆ, ವಿದ್ಯಾರ್ಥಿ ವೀಸಾದಲ್ಲಿ ಅದು ಒಂದು ಗಂಟೆಗೂ ನಿಷಿದ್ಧ. ಬೇರೆಯವರ ಡೆಲಿವರಿ ಅಕೌಂಟು ಬಾಡಿಗೆಗೆ ಸಿಗುತ್ತದೆಂದು ಜಲಂಧರಿನವನು ಪಿಸುಗುಟ್ಟಿದ. ಆ ಊರಿನಲ್ಲಿ ಬಾಡಿಗೆಗೆ ಸಿಗದೆ ಇರುವುದು ಬಹುಶಃ ಜಾಮೀನುದಾರ ಮಾತ್ರ.

ಶನಿವಾರ ಫೋಟೊ ದಿನ. ಹೋಗಿ ವಾರವಾಗುತ್ತ ಬಂದರೂ ಅಪ್ಪನ ವಾಟ್ಸಾಪ್ ಸ್ಟೇಟಸ್ಸಿಗೆ ಏನೂ ಸಿಕ್ಕಿರಲಿಲ್ಲ, ವಾಕಿಂಗ್ ಗೆಳೆಯರು ಕೇಳತೊಡಗಿದ್ದರು. ಮೊದಲು ಟವರ್ ಬ್ರಿಡ್ಜ್. ಅದರ ಕೆಳಗೆ ಊರಿನ ಸಮಸ್ತರಂತೆ 'ಲಂಡನ್ ಬ್ರಿಡ್ಜ್' ಎಂದೇ ಬರೆದ. ನಿಜವಾದ ಲಂಡನ್ ಬ್ರಿಡ್ಜ್ ಪಕ್ಕದ್ದು, ಬೋಳು ಕಾಂಕ್ರೀಟಿನದು, 1973ರದು. ಅದಕ್ಕೂ ಹಿಂದಿನ ಕಲ್ಲಿನ ಸೇತುವೆಯನ್ನು 1968ರಲ್ಲಿ ಅಮೆರಿಕದ ಉದ್ಯಮಿಯೊಬ್ಬನಿಗೆ ಮಾರಿದರು, ಅವನು ಕಳಚಿ ಅರಿಜೋನಾದ ಮರುಭೂಮಿಗೆ ಸಾಗಿಸಿ ಜೋಡಿಸಿಕೊಂಡ. ಹಳೇ ಸೇತುವೆಯ ಕಲ್ಲಿಗೂ ಗಿರಾಕಿ ಹುಡುಕಿದ ಜನ ಹಳೇ ಡಿಗ್ರಿಗೆ ಹುಡುಕದೆ ಬಿಡುತ್ತಾರೆಯೇ?

ಆಮೇಲೆ ಬಸವಣ್ಣ. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ ಪ್ರತಿಮೆ. ಲಂಡನ್ನಿಗೆ ಹೋದ ಕನ್ನಡಿಗ ಅಲ್ಲೊಂದು ಕೈ ಮುಗಿದ ಫೋಟೊ ತೆಗೆಸಿಕೊಳ್ಳದಿದ್ದರೆ ವೀಸಾ ಸಿಂಧುವಾಗುವುದಿಲ್ಲ ಎಂಬಂತಾಗಿದೆ. ಹುಡುಗ ಮುಗಿದ. ಕಾಯಕ, ದಾಸೋಹ ಎಂದು ಜೀವ ತೇದ ಅಣ್ಣನ ಎದುರಿಗೆ ನಿಂತವನ ಕಾಯಕ 21ನೇ ಗಂಟೆಗೆ ಕಾಲಿಟ್ಟರೆ ವೀಸಾ ಹೋಗುತ್ತದೆ. ದಾಸೋಹಕ್ಕೆ ಕೊರತೆಯಿಲ್ಲ, ಸೌತ್‌ಹಾಲಿನ ಗುರುದ್ವಾರದಲ್ಲಿ ಯಾರೂ ಕಾಗದ ಕೇಳದೆ ರೊಟ್ಟಿ-ದಾಲ್ ಬಡಿಸುತ್ತಾರೆ. ನಮ್ಮ ಹುಡುಗನೂ ಭಾನುವಾರ ಅಲ್ಲೇ ಉಂಡ, ಎರಡು ಸಲ ಬಡಿಸಿಕೊಂಡ. ಅದರ ಫೋಟೊ ಮಾತ್ರ ಹಾಕಲಿಲ್ಲ.

ಬಸವಣ್ಣನ ಫೋಟೊ ಓಡಿತು. ಅಪ್ಪನ ಸ್ಟೇಟಸ್ಸಿನಿಂದ ಸಂಬಂಧಿಕರ ಗ್ರೂಪಿಗೆ, ಅಲ್ಲಿಂದ ಕನ್ಸಲ್ಟೆನ್ಸಿಯ ಇನ್‌ಸ್ಟಾಗ್ರಾಮಿಗೆ. 'ನಮ್ಮ ಹೆಮ್ಮೆಯ ವಿದ್ಯಾರ್ಥಿ' ಎಂಬ ಬರಹ, ಪಕ್ಕದಲ್ಲಿ ಹಾರುವ ವಿಮಾನ, ಕೆಳಗೆ 'ಜನವರಿ ಇಂಟೇಕ್, ಕೆಲವೇ ಸೀಟು'. ಹುಡುಗನ ಕರೆ ಎತ್ತದವರಿಗೆ ಅವನ ಮುಖ ಮಾತ್ರ ಥಟ್ಟನೆ ನೆನಪಾಗಿತ್ತು.

ರಾತ್ರಿ ಚನ್ನಗಿರಿಯಿಂದ ಚಿಕ್ಕಪ್ಪನ ಮಗ ಫೋನು ಮಾಡಿದ. 'ಅಣ್ಣಾ, ಅಪ್ಪ ಹೂಂ ಅಂದಾರೆ. ನಾನೂ ಜನವರಿಗೆ ಹಾಕ್ತೀನಿ. ಖರೇ ಹೇಳು, ಹೆಂಗೈತಿ ಅಲ್ಲಿ?'

ಹುಡುಗ ಹಾಸಿಗೆಯಿಂದೆದ್ದು ಕೂತ. ಎದುರುಗೋಡೆಯ ಪಕ್ಕ, ಸೂಟ್‌ಕೇಸು ಸರಿಸಿದರೆ, ಇನ್ನೊಂದು ಹಾಸಿಗೆಗೆ ಜಾಗವಿತ್ತು. ಬಾಡಿಗೆಯನ್ನು ಐದರಿಂದ ಭಾಗಿಸುವ ಬದಲು ಆರರಿಂದ ಭಾಗಿಸಿ ನೋಡಿದ. ರೂಪಾಯಿಗೂ ತಿರುಗಿಸಿ ನೋಡಿದ.

'ಭಾರಿ ಐತಿ ಕಣೋ, ಬಾ,' ಎಂದ. 'ಕನ್ಸಲ್ಟೆನ್ಸಿಗೆ ಹೋದಾಗ ನನ್ನ ಹೆಸರು ಹೇಳೋದು ಮರೀಬೇಡ, ರೆಫರಲ್‌ಗೆ ಏನೋ ಕೊಡ್ತಾರಂತೆ.'