ಒಂದು ಇಂಚು ನಲವತ್ತು ಸೆಂಟು

ರಾಬರ್ಟ್ ಎಲಿಯಟ್ ಎಂಬ ಸ್ಕಾಟ್ಲೆಂಡಿನ ಸಾಹೇಬ 1850ರ ದಶಕದಲ್ಲಿ ಹಡಗು ಹತ್ತಿ ಬಂದು, ಮೂಡಿಗೆರೆಗೆ ಮಗ್ಗುಲಾದ ಮಂಜರಾಬಾದ್ ಸೀಮೆಯಲ್ಲಿ ಕಾಫಿ ಹಾಕಿದ. ಹಾಕಿ ಸುಮ್ಮನಿರಲಿಲ್ಲ. ತನ್ನ ಅನುಭವವನ್ನೆಲ್ಲ 1871ರಲ್ಲಿ ಎರಡು ಸಂಪುಟ ಮಾಡಿ ಅಚ್ಚು ಹಾಕಿಸಿದ. ಅದೂ ಸಾಲದೆಂದು 1894ರಲ್ಲಿ ಚಿನ್ನ, ಶಿಕಾರಿ, ಕಾಫಿ ಮೂರನ್ನೂ ಕಲಸಿ ಇನ್ನೊಂದು ಪುಸ್ತಕ ಬರೆದ. ಪಾಪ, ಸಮುದ್ರ ದಾಟಿ ಬಂದವನು, ಎಷ್ಟು ಕಷ್ಟಪಟ್ಟನೋ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಅವನಿಗೇನು ಕಷ್ಟ? ಹುಟ್ಟಿದ ನಾಡಿನಲ್ಲೂ ಗುಡ್ಡ, ಮಂಜು, ಜಿಟಿಜಿಟಿ ಮಳೆ, ಥಂಡಿ. ಬಂದ ನಾಡಿನಲ್ಲೂ ಅದೇ. ಮೈಗೆ ಉಣ್ಣೆ ಅಂಗಿ, ಕೈಯಲ್ಲಿ ಛತ್ರಿ ಮೊದಲೇ ಇತ್ತು. ಪರದೇಶಿ ಅಂದರೆ ನಾನು. ನಮ್ಮ ಬ್ಯಾಂಕಿನವರು ವಿಜಯಪುರದಿಂದ ಎತ್ತಿ ಮೂಡಿಗೆರೆಗೆ ಒಗೆದರು. ನಡುವೆ ಐನೂರು ಕಿಲೋಮೀಟರ್ ಆಸುಪಾಸು. ರಾಜ್ಯ ಒಂದೇ, ಭಾಷೆ ಒಂದೇ, ಮುಖ್ಯಮಂತ್ರಿಯೂ ಒಬ್ಬರೇ. ಆದರೆ ಬಿಸಿಲಿಗೆ ಹೊರಸು ಹಾಕಿ ಮಲಗಿ ಬೆಳೆದವನಿಗೆ ಜುಲೈ ತಿಂಗಳ ಮೂಡಿಗೆರೆ ಯಾವ ಸ್ಕಾಟ್ಲೆಂಡಿಗೂ ಕಡಿಮೆಯಲ್ಲ.

ಸುದ್ದಿ ತಿಳಿದ ಕೂಡಲೇ ಊರಿನ ಗೆಳೆಯರ ಫೋನು ಶುರುವಾಯಿತು. ಕಾಲೇಜಿನಲ್ಲಿ ‘ಕರ್ವಾಲೊ’ ಓದಿದ ಪುಣ್ಯಾತ್ಮರು. ಮೂಡಿಗೆರೆ ಅಂದರೆ ಅವರಿಗೆ ತೇಜಸ್ವಿ, ತೇಜಸ್ವಿ ಅಂದರೆ ಹಾರುವ ಓತಿ. “ಕಂಡತೇನಲೇ?” ಎಂದು ವಾರಕ್ಕೊಮ್ಮೆ ವಿಚಾರಣೆ. ನನಗೆ ಕಂಡದ್ದು ಇಂಬಳ. ಅದು ಹಾರುವುದಿಲ್ಲ, ಅದಕ್ಕೆ ಹಾರುವ ಗರಜೂ ಇಲ್ಲ. ನಾವೇ ನಡೆದು ಅದರ ಬಾಯಿಗೆ ಹೋಗುತ್ತೇವೆ. ಕಾಲ್ಚೀಲದೊಳಗೆ ಹೊಗೆಸೊಪ್ಪು ತುಂಬಿಕೊಂಡು ತೋಟಕ್ಕೆ ಇಳಿಯುವ ಬ್ಯಾಂಕ್ ಅಧಿಕಾರಿಯನ್ನು ನಮ್ಮೂರಲ್ಲಿ ಕಂಡಿದ್ದರೆ ತಂಬಾಕು ಕಳ್ಳಸಾಗಣೆ ಎಂದು ಹಿಡಿದು ಕೂರಿಸುತ್ತಿದ್ದರು.

ಸಾಲ ಕೊಡುವ ಮುಂಚೆ ತೋಟ ನೋಡಿ ಬರುವುದು ನನ್ನ ಪಾಲಿನ ಕೆಲಸ. ನಾನು ಹುಟ್ಟಾ ಚಾ ಕುಡಿಯುವವನು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಬಾಳೂರು ದಾಟಿ ಕಳಸದ ಕಡೆ ಹೊರಟೆನೆಂದರೆ ಸಂಜೆಯವರೆಗೆ ಮೈಯೊಳಗೆ ರಕ್ತದ ಬದಲು ಕಾಫಿ ಹರಿಯುತ್ತದೆ. ಮೊದಲ ಮನೆಯ ಜಗಲಿಯಲ್ಲಿ ಕೂತ ತಕ್ಷಣ ಒಂದು ದೊಡ್ಡ ಲೋಟ, ಜೊತೆಗೆ ಹಲಸಿನ ಹಪ್ಪಳ. ಎರಡನೆಯ ಮನೆಯಲ್ಲಿ “ಈಗಷ್ಟೇ ಕುಡಿದು ಬಂದೆ” ಅಂದರೆ ಅದು ಕಾರಣವೇ ಅಲ್ಲ. “ಅದು ಅವರ ಮನೇದು ಸಾರ್. ನಮ್ಮನೇದು ಎಲ್ಲಿ ಕುಡಿದ್ರಿ?” ಎಂಬ ಪ್ರಶ್ನೆಗೆ ರಿಸರ್ವ್ ಬ್ಯಾಂಕಿನಲ್ಲೂ ಉತ್ತರವಿರಲಾರದು. ಅರ್ಧ ಲೋಟ ಸಾಕು ಎಂದು ಕೈಮುಗಿದರೆ ಪಾಪ, ಅರ್ಧವನ್ನೇ ತರುತ್ತಾರೆ. ನಾವು ಪಹಣಿ ಓದಿ ಮುಗಿಸುವಷ್ಟರಲ್ಲಿ ಉಳಿದರ್ಧ ಹಿಂದೆಯೇ ಬರುತ್ತದೆ. ಸಂಸೆಯ ಹತ್ತಿರ ಚಹಾ ತೋಟವಿದೆ ಎಂದು ತಿಳಿದು, ಇಲ್ಲಾದರೂ ನನ್ನ ಬಾಯಿಗೆ ಚಾ ಬಿದ್ದೀತೆಂದು ಹಸಿರು ಪೊದೆಗಳ ನಡುವಿನ ಮನೆಯೊಂದಕ್ಕೆ ಆಸೆಯಿಂದ ಹೋದೆ. ಬಂದದ್ದು ಬೆಲ್ಲದ ಕಾಫಿ. ನಮ್ಮ ದೇಶದ ಕಾಫಿಯಲ್ಲಿ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ, ಅದರಲ್ಲೂ ಇಟಲಿಯವರೇ ದೊಡ್ಡ ಗಿರಾಕಿಗಳು ಎನ್ನುತ್ತಾರೆ. ಮಿಕ್ಕಿದ್ದೆಲ್ಲ ಎಲ್ಲಿ ಹೋಗುತ್ತದೆ ಎಂದು ಯಾರಾದರೂ ಲೆಕ್ಕ ಕೇಳಿದರೆ ನನ್ನನ್ನು ಕರೆಯಲಿ.

ಊಟದ ವಿಷಯ ಬೇರೆ. ನಾವು ಲಿಂಗ ಕಟ್ಟಿದ ಮಂದಿ, ನಾನು ಬಾಡಿಗೆಗೆ ಇರುವುದು ಗೌಡರ ಮನೆಯ ಔಟ್‌ಹೌಸಿನಲ್ಲಿ. ಭಾನುವಾರ ಕಡುಬು ಮತ್ತು ಹಂದಿ ಸಾರಿನ ಪರಿಮಳ ಕಿಟಕಿಯಿಂದ ಒಳಬಂದು ನನ್ನ ಮಂಚದ ಮೇಲೆ ಕೂರುತ್ತದೆ. ಗೌಡ್ತಮ್ಮ ಮಹಾತಾಯಿ, ನನಗೆಂದೇ ಬೇರೆ ಪಾತ್ರೆ, ಬೇರೆ ಸೌಟು ಇಟ್ಟಿದ್ದಾರೆ. ಆದರೆ ಇಲ್ಲಿನ ಸಸ್ಯಾಹಾರವೂ ಸಾಧುವಲ್ಲ. ತಿನ್ನುವವನ ಮೇಲೆ ತಿರುಗಿ ಬೀಳುವ ಜಾತಿ. ಮರಕೆಸುವಿನ ಪತ್ರೊಡೆಗೆ ಹುಳಿ ಕಡಿಮೆಯಾದರೆ ರಾತ್ರಿಯಿಡೀ ಗಂಟಲು ಕೆರೆದುಕೊಳ್ಳಬೇಕು. ಮುಂಗಾರಿನಲ್ಲಿ ಬರುವ ಕಳಲೆಯನ್ನು ತೆಳ್ಳಗೆ ಹೆಚ್ಚಿ, ದಿನಾ ನೀರು ಬದಲಿಸಿ, ಎರಡು ಮೂರು ದಿನ ನೆನೆಹಾಕಿ ಅದರ ವಿಷ ಬಿಡಿಸಬೇಕು. ನಮ್ಮಲ್ಲಿ ಎಣಗಾಯಿ ಬದನೆಯನ್ನು ಯಾರೂ ಹೀಗೆ ಅನುಮಾನದಿಂದ ನೋಡುವುದಿಲ್ಲ. ಕಿತ್ತರು, ಸೀಳಿದರು, ತುಂಬಿದರು, ಮುಗಿಯಿತು. ಕಳಲೆ ಪಲ್ಯದ ಮೊದಲ ತುತ್ತು ಬಾಯಿಗಿಡುವಾಗ ನಾನು ಗೌಡರ ಮುಖವನ್ನೇ ನೋಡುತ್ತಿದ್ದೆ, ಅವರು ಮೊದಲು ನುಂಗಲಿ ಎಂದು. ಈಗ ಜೂನ್ ಬಂದರೆ ನಾನೇ ಕೇಳುತ್ತೇನೆ, ಕಳಲೆ ಇನ್ನೂ ಬರಲಿಲ್ಲವೇ ಎಂದು.

ಚಗಳಿಯದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಎಲೆಗಳನ್ನು ಹೊಲಿದು ಗೂಡು ಮಾಡುವ ಈ ಕೆಂಪಿರುವೆ, ಕಾಫಿ ಕುಯ್ಯುವವರ ಕುತ್ತಿಗೆ, ತೋಳು, ಕಂಕುಳು ಯಾವುದನ್ನೂ ಬಿಡುವುದಿಲ್ಲ. ಕಚ್ಚಿಸಿಕೊಂಡವರು ಸುಮ್ಮನಿರುತ್ತಾರೆಯೇ? ಗೂಡನ್ನೇ ಇಳಿಸಿ, ಇರುವೆಗಳನ್ನು ಕೊಡವಿ, ಹುರಿದು, ಮೆಣಸು, ಬೆಳ್ಳುಳ್ಳಿ, ಉಪ್ಪು ಹಾಕಿ ಅರೆದು ಚಟ್ನಿ ಮಾಡುತ್ತಾರೆ. ಇಷ್ಟು ನೇರವಾದ ನ್ಯಾಯ ನಾನು ಯಾವ ಕೋರ್ಟಿನಲ್ಲೂ ಕಂಡಿಲ್ಲ. ಒಂದು ದಿನ ಗೌಡರು ಅಕ್ಕಿರೊಟ್ಟಿಯ ಅಂಚಿನಲ್ಲಿ ಒಂದಿಷ್ಟು ಇಟ್ಟುಕೊಂಡು ಬಂದು, “ತಿನ್ನಿ ಸಾರ್, ಏನಾಗಲ್ಲ. ಇರುವೆ ಸಸ್ಯಾಹಾರಿನೇ, ಎಲೆ ಮೇಲೇ ಇರ್ತದಲ್ಲ” ಅಂದರು.

“ಹಂಗಾದ್ರ ಕುರಿನೂ ಸಸ್ಯಾಹಾರಿನೇ ಅಲ್ರೀ ಗೌಡ್ರ?” ಅಂದೆ.

“ಅದನ್ನೇ ನಾನೂ ಎಷ್ಟು ದಿನದಿಂದ ಹೇಳ್ತಾ ಇದೀನಿ ಮಾರಾಯ್ರೆ!” ಅಂದುಬಿಟ್ಟರು.

ನಮ್ಮ ಮನೆಯಲ್ಲಿ ಬೆಳಗಾಯಿತೆಂದು ತಿಳಿಯುವುದು ರೊಟ್ಟಿ ಬಡಿಯುವ ಸದ್ದಿನಿಂದ. ಇಲ್ಲಿ ಸೂರಿನ ಮೇಲೆ ಮಳೆ ಬಡಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಗ ಅನ್ನ ತಿಂದು ಸೊರಗಿದನೆಂದು ಅವ್ವ ಬಸ್ಸಿನಲ್ಲಿ ಒಂದು ಗಂಟು ಕಳಿಸಿದಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ನಮ್ಮ ಕಡಕ್ ರೊಟ್ಟಿಯ ಗುಣ ನಿಮಗೆ ಗೊತ್ತಲ್ಲ, ತಿಂಗಳುಗಟ್ಟಲೆ ಇಟ್ಟರೂ ಕಟಂ ಎನ್ನುವುದು ಬಿಡುವುದಿಲ್ಲ. ಅದು ವಿಜಯಪುರದ ಗಾಳಿಯಲ್ಲಿ. ಮೂಡಿಗೆರೆಯ ಜುಲೈ ಗಾಳಿಗೆ ಎರಡೇ ದಿನಕ್ಕೆ ಮೆತ್ತಗಾಗಿ, ಎತ್ತಿದರೆ ಹಿಂಡದ ಪಂಚೆಯ ಹಾಗೆ ಜೋತುಬಿತ್ತು. ಆಗಲೇ ನನ್ನ ಬೂಟು, ಬೆಲ್ಟು, ಬ್ಯಾಗುಗಳ ಮೇಲೆ ಬಿಳಿ ಬೂಸ್ಟು ಬಂದಿತ್ತು. ರೊಟ್ಟಿಗೂ ಬರುವುದು ಇನ್ನೊಂದು ದಿನದ ಮಾತು. ನನ್ನ ಮುಖ ನೋಡಲಾಗದೆ ಗೌಡ್ತಮ್ಮ ಗಂಟನ್ನು ಇಸಿದುಕೊಂಡು ಹೋಗಿ, ಬುಟ್ಟಿಗೆ ಹಾಕಿ, ಬಚ್ಚಲೊಲೆಯ ಮೇಲೆ ಹೊಗೆಗೆ ನೇತುಹಾಕಿದರು. ಮಳೆಗಾಲವಿಡೀ ಆ ಒಲೆ ಆರುವುದಿಲ್ಲ. ಮನೆಯ ಒದ್ದೆ ಬಟ್ಟೆ, ಕಂಬಳಿ ಎಲ್ಲಕ್ಕೂ ಅದೇ ಸೂರ್ಯ. ಮೂರನೆಯ ದಿನ ರೊಟ್ಟಿ ಮತ್ತೆ ಕಟಂ ಎಂದಿತು. ಸಂತೋಷದಿಂದ ತಲೆ ಎತ್ತಿ ನೋಡಿದರೆ ಬುಟ್ಟಿಯ ಪಕ್ಕದ ಗಳುವಿನಲ್ಲಿ ಒಣಮೀನಿನ ಸಾಲು. ಅವೂ ನನ್ನ ರೊಟ್ಟಿಯೂ ಮೂರು ದಿನ ಒಂದೇ ಹೊಗೆ ಕುಡಿದಿದ್ದವು.

ಅವ್ವ ಫೋನು ಮಾಡಿ, “ರೊಟ್ಟಿ ಹ್ಯಾಂಗದಾವೋ?” ಅಂದಳು. ಭಾಳ ಚಲೋ ಅದಾವ, ಇಲ್ಲಿ ಹವಾಕ್ಕ ಒಂದು ರುಚಿನೇ ಬ್ಯಾರೆ ಬಂದೈತಿ ಎಂದೆ. ಅದರಲ್ಲಿ ಸುಳ್ಳಿನ ಮಾತೇನೂ ಇರಲಿಲ್ಲ.

ಬೆಂಗಳೂರಿನವರು ಶನಿವಾರ ಬಂದು ಗುಡ್ಡದ ಮುಂದೆ ನಿಂತು ಫೋಟೋ ಹೊಡೆದುಕೊಂಡು ಹೋಗುತ್ತಾರಲ್ಲ, ಆ ಗುಡ್ಡವನ್ನು ಇಲ್ಲಿನವರು ತಿರುಗಿಯೂ ನೋಡುವುದಿಲ್ಲ. ಅವರು ನೋಡುವುದು ಮಳೆ ಅಳೆಯುವ ಡಬ್ಬಿಯನ್ನು. ಬೆಳಗಾದರೆ ತೋಟದಿಂದ ತೋಟಕ್ಕೆ ಫೋನು. ನಮಸ್ಕಾರವಿಲ್ಲ, ಚೆನ್ನಾಗಿದೀರಾ ಇಲ್ಲ. “ಎಷ್ಟು ಬಂತು?” “ಒಂದು ನಲವತ್ತು.” ಅಂದರೆ ಒಂದು ಇಂಚು ನಲವತ್ತು ಸೆಂಟು. ಇಂಚನ್ನು ನೂರು ಪಾಲು ಮಾಡಿ ಲೆಕ್ಕ ಇಡುವ ಈ ಜನ ತಾತನ ಕಾಲದ ಮಳೆ ಪುಸ್ತಕವನ್ನೂ ಜೋಪಾನ ಮಾಡಿರುತ್ತಾರೆ. ಎಷ್ಟೋ ಸಲ ಅದು ನನ್ನ ಬ್ಯಾಂಕಿನ ಲೆಡ್ಜರಿಗಿಂತ ಅಚ್ಚುಕಟ್ಟು. ವಿಜಯಪುರದಲ್ಲಿ ವರ್ಷವಿಡೀ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು, ಇಪ್ಪತ್ತನಾಲ್ಕು ಇಂಚು. ಕಳಸದವರು ಅಷ್ಟನ್ನು ಜುಲೈ ಒಂದರಲ್ಲೇ ಮುಗಿಸಿ ಆಗಸ್ಟಿಗೆ ಕೈ ಹಾಕಿರುತ್ತಾರೆ. ಭದ್ರಾ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದರೆ ಹೊರನಾಡಿನ ದಾರಿ ಬಂದ್.

ಇಷ್ಟು ಮಳೆ ಕಂಡವರಿಗೆ ಮಳೆಯ ಹಂಬಲ ಇರಲಾರದು ಎಂದುಕೊಂಡಿದ್ದೆ. ಫೆಬ್ರವರಿ, ಮಾರ್ಚಿನಲ್ಲಿ ನೋಡಬೇಕು. ಹೂಮಳೆಗಾಗಿ ಊರಿಗೆ ಊರೇ ಮುಗಿಲಿಗೆ ಕಣ್ಣು ನೆಟ್ಟು ಕೂತಿರುತ್ತದೆ. ಒಂದು ಇಂಚಾದರೂ ಬಿದ್ದರೆ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳಿ, ಮಲ್ಲಿಗೆಯಂಥ ವಾಸನೆ ಬ್ಯಾಂಕಿನ ಸ್ಟ್ರಾಂಗ್ ರೂಮಿಗೂ ನುಗ್ಗುತ್ತದೆ. ಇಪ್ಪತ್ತು ಸೆಂಟು ಬಿದ್ದು ನಿಂತರೆ ಮೊಗ್ಗು ಕೆಟ್ಟಿತು. ಅರಳಿದ ಮೇಲೂ ನೆಮ್ಮದಿಯಿಲ್ಲ. ಎರಡು ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ ಬರಲೇಬೇಕು. ಮಳೆ ರಸ್ತೆಯ ಆ ಬದಿಗೆ ಬಿದ್ದು ಈ ಬದಿಗೆ ಬೀಳದಿದ್ದರೆ ಅಣ್ಣತಮ್ಮಂದಿರ ನಡುವೆ ಮಾತು ಬಿಟ್ಟುಹೋಗುವುದೂ ಉಂಟು. ನಮ್ಮ ಕಡೆ ಸುಸ್ತಿ ಸಾಲಗಾರನನ್ನು ಕೇಳಿದರೆ, “ಮಳಿ ಆಗಲಿಲ್ರೀ ಸಾಹೇಬ್ರ” ಅನ್ನುತ್ತಾನೆ. ಇಲ್ಲಿ “ಮಳೆ ಜಾಸ್ತಿ ಆಯ್ತು ಸಾರ್, ಕೊಳೆರೋಗ” ಅನ್ನುತ್ತಾರೆ. ಎರಡೂ ನಿಜ. ಎರಡನ್ನೂ ನಾನು ನಮೂನೆಯ ಒಂದೇ ಕಾಲಮಿನಲ್ಲಿ ತುಂಬಿದ್ದೇನೆ.

ನವೆಂಬರಿನ ಕೊನೆಗೆ ಅಪ್ಪ ಬಂದ. ಜೋಳದ ಹೊಲ ಬಿಟ್ಟು ಬೇರೆ ಬೇಸಾಯ ಕಂಡವನಲ್ಲ. ಹಸಿರು ನೋಡಿ ಬೆರಗಾಗುತ್ತಾನೆ ಅಂದುಕೊಂಡಿದ್ದೆ. ಅವನು ಸಿಟ್ಟಾದ. “ಇಷ್ಟೆಲ್ಲಾ ಇವರಿಗೇ ಯಾಕ ಕೊಟ್ಟಾನ?” ಎಂಬುದು ಶಿವನ ಮೇಲೆ ಅವನ ತಕರಾರು. ಕಳಸದಲ್ಲಿ ಭದ್ರೆಯ ದಂಡೆಯಲ್ಲಿ ನಿಂತು ಈ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ. ಕೂಡ್ಲಿಯಲ್ಲಿ ತುಂಗೆಯನ್ನು ಕೂಡಿಕೊಂಡು ಕಡೆಗೆ ಕೃಷ್ಣೆಗೆ ಎಂದೆ. ಮುಖ ಅರಳಿತು. “ಹಂಗಾದ್ರ ನಮಗs ಬರತೈತಿ!” ಇಲ್ಲಪ್ಪ, ಅದು ಕೃಷ್ಣೆಗೆ ಸೇರುವುದು ನಮ್ಮ ಜಿಲ್ಲೆ ದಾಟಿ, ರಾಜ್ಯವನ್ನೂ ದಾಟಿದ ಮೇಲೆ ಎಂದಾಗ ಚಪ್ಪಲಿ ಮೆಟ್ಟಿಕೊಂಡು ಹಿಂತಿರುಗಿ ನೋಡದೆ ನಡೆದ. ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಪ್ರಸಾದಕ್ಕೆ ಕೂತೆವು. ಎಲೆ ತುಂಬ ಅನ್ನ ಬಿತ್ತು, ಸಾರು ಬಿತ್ತು. ಅಪ್ಪ ಕೈ ಕಟ್ಟಿ ಕೂತೇ ಇದ್ದ. ಯಾಕೆಂದರೆ, “ರೊಟ್ಟಿ ಬರಲಿ, ಆಮ್ಯಾಲೆ ಅನ್ನ ಉಂಡ್ರಾತು.”

ಅವನ ಸಂಕಟ ನೋಡಿ ಗೌಡರೇ ಕಿಗ್ಗದ ದಾರಿ ತೋರಿಸಿದರು. ಶೃಂಗೇರಿ ಹತ್ತಿರದ ಕಿಗ್ಗದ ಋಷ್ಯಶೃಂಗೇಶ್ವರ ಮಳೆ ದೇವರು. ಅಂಗ ದೇಶಕ್ಕೆ ಮಳೆ ತಂದ ಪುರಾಣದ ಋಷ್ಯಶೃಂಗನೇ ಅಲ್ಲಿ ನೆಲೆಸಿದ್ದಾನೆಂದು ನಂಬಿಕೆ. ಮಳೆ ಬಾರದಿದ್ದರೆ ಬರಲಿ ಎಂದು ಪೂಜೆ, ಅತಿಯಾದರೆ ನಿಲ್ಲಲಿ ಎಂದೂ ಅಲ್ಲೇ ಪೂಜೆ. ಜಮೆ, ಖರ್ಚು ಎರಡಕ್ಕೂ ಒಂದೇ ಕೌಂಟರ್. ನಮ್ಮ ಕಡೆ ಮಳೆಗಾಗಿ ಹುಡುಗರ ತಲೆಯ ಮೇಲೆ ಗುರ್ಜಿ ಹೊರಿಸಿ ಮನೆ ಮನೆಯಲ್ಲಿ ನೀರು ಸುರಿಸುತ್ತಾರೆ, ಕಪ್ಪೆಗೆ ಮದುವೆ ಮಾಡಿಸುತ್ತಾರೆ. ಇಷ್ಟು ಖರ್ಚಿಲ್ಲದೆ ಕೆಲಸವಾಗುವುದಾದರೆ ಯಾಕಾಗಬಾರದು ಎಂದು ಅಪ್ಪ ಹೋಗಿ ಕಾಯಿ ಒಡೆಸಿ, ಹಣೆ ಹಚ್ಚಿ ಬೇಡಿಕೊಂಡು ಬಂದ.

ಮರುದಿನ ಮಧ್ಯಾಹ್ನ ಮೂಡಿಗೆರೆಯಲ್ಲಿ ಮೋಡ ಕಟ್ಟಿತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಟಿ.ವಿ.ಯವರು ಹೇಳುತ್ತಲೇ ಇದ್ದರು, ಅದನ್ನು ಅಪ್ಪನಿಗೆ ಯಾರು ಹೇಳಬೇಕು? ಗೌಡರ ಕಣದ ತುಂಬ ಅರೇಬಿಕಾ ಹರವಿತ್ತು. ನೆಂದರೆ ಬಣ್ಣ ಹೋಯಿತು, ದರ ಹೋಯಿತು. ಗೌಡರು, ಗೌಡ್ತಮ್ಮ, ರೈಟರು, ಆಳುಗಳು, ನಾನು ಎಲ್ಲರೂ ಟಾರ್ಪಾಲು ಎಳೆಯಲು ಓಡಿದೆವು. ಅಪ್ಪ ಮಾತ್ರ ಕಣದ ನಟ್ಟನಡುವೆ ನಿಂತು, ರುಮಾಲು ತೆಗೆದು, ಮುಗಿಲಿಗೆ ಕೈ ಚಾಚಿ, “ಬಾ ನನ್ನವ್ವಾ, ಬಾ! ಇನ್ನs ಜೋರು ಬಾ!” ಎಂದು ಕೂಗುತ್ತಿದ್ದ. ಕೇಳಿತೋ ಎಂಬಂತೆ ಅದು ಜೋರಾಗಿಯೇ ಬಂತು.

ಟಾರ್ಪಾಲಿನ ಮೂಲೆಗೆ ಕಲ್ಲಿಟ್ಟು ಬಂದ ಗೌಡರು ಜಗಲಿಯಲ್ಲಿ ತಲೆ ಒರೆಸಿಕೊಳ್ಳುತ್ತ ಅಪ್ಪನನ್ನು ಕೇಳಿದರು: “ನಿನ್ನೆ ಕಿಗ್ಗದಲ್ಲಿ ಮಳೆ ಎಲ್ಲಿಗೆ ಬೇಕು ಅಂತ ಹೇಳಿದ್ರಾ ಯಜಮಾನ್ರೆ?”

ಅಪ್ಪ ಸ್ವಲ್ಪ ಹೊತ್ತು ಯೋಚಿಸಿದ. “ದೇವರಿಗೆ ಗೊತ್ತಿರತೈತಿ ಅಂತ ಬಿಟ್ನಿರಿ. ಊರ ಹೆಸರು ಹೇಳಬೇಕಾಗಿತ್ತೇನು?”

“ಹೇಳದೆ ಮತ್ತೆ? ನೀವು ಕೂತ ಕಡೆಗೇ ಕಳಿಸಿದಾನೆ ನೋಡಿ. ಹೋಗುವಾಗ ಇದನ್ನೂ ಕರ್ಕೊಂಡು ಹೋಗಿ ಮಾರಾಯ್ರೆ, ನಮಗೆ ಮಾರ್ಚಿಗೆ ಸಾಕು.”

“ಬಸ್ಸಿಗೆ ಹತ್ತಸ್ರಿ ಗೌಡ್ರ” ಅಂದ ಅಪ್ಪ, ಗೌಡ್ತಮ್ಮ ತಂದಿಟ್ಟ ಎರಡನೆಯ ಲೋಟ ಕಾಫಿಗೆ ಕೈ ಹಾಕುತ್ತ. “ತಿಕೀಟು ನಾ ತಗಸ್ತೀನಿ.”