ಬಾಟಲಿ ನಳ ಮಹಾರಾಜರು

ನಮ್ಮ ಕಟ್ಟಾಯದ ಕಡೆ ಮನೆಗೆ ಬಾಟಲಿ ತರುವ ಗಂಡಸರಲ್ಲಿ ಎರಡು ಬಗೆ. ಮೊದಲ ಬಗೆಯವರು ಅದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಹಿತ್ತಿಲ ಬಾಗಿಲಿನಿಂದ ಬರುತ್ತಾರೆ. ಅವರ ವಿಚಾರ ಊರಿಗೆಲ್ಲ ಗೊತ್ತಿರುವುದರಿಂದ ಇಲ್ಲಿ ಬೇಡ. ಎರಡನೆಯವರು ಬಾಟಲಿಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು, "ಇವತ್ತು ಯಾರೂ ಒಲೆ ಮುಟ್ಟಬೇಡಿ, ಅಡುಗೆ ನಂದು" ಎಂದು ಸಾರುತ್ತಾ ತಲೆಬಾಗಿಲಿನಿಂದಲೇ ಬರುತ್ತಾರೆ. ಮೊದಲನೆಯವರ ಗಲಾಟೆ ಅವರು ನಿದ್ದೆ ಹೋಗುವ ಹೊತ್ತಿಗೆ ಮುಗಿಯುತ್ತದೆ. ಎರಡನೆಯವರದು ಮಾರನೆಯ ದಿನ ಪಾತ್ರೆ ತೊಳೆದು ಕವುಚಿ ಹಾಕುವ ತನಕ ಮುಗಿಯುವುದಿಲ್ಲ. ಇವರನ್ನು ಬಾಟಲಿ ನಳ ಮಹಾರಾಜರು ಎಂದು ಕರೆಯೋಣ.

ಮಹಾರಾಜರಿಗೆ ವಯಸ್ಸು ನಲವತ್ತರ ಆಸುಪಾಸು. ಹುಟ್ಟಿದ್ದು ಹಾಸನ ತಾಲ್ಲೂಕಿನ ಕಟ್ಟಾಯ ಹೋಬಳಿಯಲ್ಲಿ, ಸಂಬಳ ಬೆಂಗಳೂರಿನಲ್ಲಿ, ಮಾತು ಮಾತ್ರ ಸಿಂಗಪುರದ್ದು. ಕಂಪನಿಯವರು ಯಾವುದೋ ಮೀಟಿಂಗಿಗೆಂದು ಒಮ್ಮೆ ಅಲ್ಲಿಗೆ ಕಳಿಸಿದ್ದರು. ಮೀಟಿಂಗಿನಲ್ಲಿ ಏನು ನಡೆಯಿತೆಂದು ಇವತ್ತಿಗೂ ಯಾರಿಗೂ ಹೇಳಿಲ್ಲ. ಲಾವ್ ಪಾ ಸಾಟ್ ಎಂಬ ಹಳೆಯ ಮಾರುಕಟ್ಟೆಯ ಪಕ್ಕದ ಬೀದಿಯಲ್ಲಿ ಸಂಜೆಯಾದರೆ ವಾಹನ ತಡೆದು, ರಸ್ತೆಗೇ ಮೇಜು ಕುರ್ಚಿ ಹಾಕಿ, ಇದ್ದಿಲ ಕೆಂಡದ ಮೇಲೆ ಸಾಟೇ ಸುಡುವುದನ್ನು ಮಾತ್ರ ಮನೆಮಂದಿಗೆಲ್ಲ ಬಾಯಿಪಾಠವಾಗುವಷ್ಟು ಹೇಳಿದ್ದಾರೆ. ಕಡ್ಡಿಗೆ ಪೋಣಿಸಿದ ಕೋಳಿ ತುಂಡು, ಪಕ್ಕಕ್ಕೆ ಸೌತೆಕಾಯಿ, ಹಸಿ ಈರುಳ್ಳಿ, ಒತ್ತಿ ಬೇಯಿಸಿದ ಅನ್ನದ ಚೂರು, ಅದ್ದಿಕೊಳ್ಳಲು ಕಡಲೆಕಾಯಿ ಬೀಜದ ಗೊಜ್ಜು. ಜಾವಾ ದ್ವೀಪದಲ್ಲಿ ಹುಟ್ಟಿ ಮಲೇಷ್ಯಾ, ಸಿಂಗಪುರ, ಥಾಯ್ಲೆಂಡಿಗೆಲ್ಲ ಹಬ್ಬಿದ ತಿನಿಸು ಅದು. ಇದೇ ಹಾಸನ ತಾಲ್ಲೂಕಿನ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಅಮೆರಿಕ ನೋಡಿಕೊಂಡು ಬಂದು 'ಅಮೆರಿಕಾದಲ್ಲಿ ಗೊರೂರು' ಬರೆದರು. 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಮ್ಮ ಮಹಾರಾಜರು ಸಿಂಗಪುರ ನೋಡಿಕೊಂಡು ಬಂದು ಸಾಟೇ ಪೇಸ್ಟಿನ ಒಂದು ಬಾಟಲಿ ತಂದರು. ಪ್ರಶಸ್ತಿಯ ಮೇಲಿನ ಆಸೆ ಮಾತ್ರ ಇವರಿಗೇ ಹೆಚ್ಚು.

ಹಾಸನಾಂಬೆ ವರ್ಷಕ್ಕೊಮ್ಮೆ, ಆಶ್ವೀಜದಲ್ಲಿ, ಬಾಗಿಲು ತೆರೆಯುತ್ತಾಳೆ. ಮಹಾರಾಜರು ಅಡುಗೆಮನೆಯ ಹೊಸಲು ದಾಟುವುದೂ ವರ್ಷಕ್ಕೊಮ್ಮೆಯೇ, ಯುಗಾದಿಯ ಮಾರನೆಯ ದಿನ, ವರ್ಷತೊಡಕಿಗೆ. ಅಮ್ಮನವರ ದರ್ಶನಕ್ಕೆ ಸರತಿಯಲ್ಲಿ ನಿಂತವರಿಗೆ ಕೊನೆಗೆ ಪ್ರಸಾದವಾದರೂ ಸಿಗುತ್ತದೆ. ಇಲ್ಲಿ ಆ ಭರವಸೆ ಇಲ್ಲ.

ವರ್ಷತೊಡಕೆಂದರೆ ಈ ಸೀಮೆಯಲ್ಲಿ ಗೊತ್ತೇ ಇದೆಯಲ್ಲ. ಹಬ್ಬದ ಒಬ್ಬಟ್ಟಿನ ಸಾರು ಖಾಲಿಯಾಗುವ ಮೊದಲೇ ಕೋಳಿಯೋ ಕುರಿಯೋ ಒಲೆಯ ಮೇಲಿರಬೇಕು. ಅಣ್ಣತಮ್ಮಂದಿರು, ಸೊಸೆಯಂದಿರು, ಹೆಣ್ಣುಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು ಎಲ್ಲ ಸೇರಿದರೆ ಮುದ್ದೆ ತೊಳಸುವವರಿಗೆ ರಟ್ಟೆ ಬಿದ್ದುಹೋಗುತ್ತದೆ. ಅಂಥ ದಿನವೇ ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ ದಾಟಿ ಬಂದ ಬಾಟಲಿ ಕಟ್ಟೆಯ ಮೇಲೆ ಕೂರುತ್ತದೆ.

ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿ, "ಅದೇನ್ಲಾ ಮಗಾ, ಕೆಮ್ಮಿನ ಔಸ್ದಿನಾ?" ಎನ್ನುತ್ತಾಳೆ.

"ಸಾಟೇ ಅವ್ವಾ. ಇಂಟರ್‌ನ್ಯಾಷನಲ್ ಐಟಮ್ಮು. ನೀನು ಸುಮ್ನೆ ಕೂತ್ಕೊ. ಇವತ್ತು ನಿಂಗೆ ರಜೆ."

ಅವ್ವನಿಗೆ ರಜೆ ಕೊಟ್ಟ ಮೇಲೆ ಮಹಾರಾಜರು ದರ್ಬಾರು ಶುರು ಮಾಡುತ್ತಾರೆ. ಮೊದಲು ಬಾಟಲಿಯ ಹಿಂದಿನ ಬರಹ ಓದಬೇಕು. ಅಕ್ಷರ ಇರುವೆ ಕಾಲಿನಷ್ಟು ಸಣ್ಣವು. ಮೊಬೈಲಿನಲ್ಲಿ ಫೋಟೋ ತೆಗೆದು, ಎರಡು ಬೆರಳಿನಿಂದ ಹಿಗ್ಗಿಸಿ, ಹಬ್ಬದ ಮಾರನೆಯ ದಿನವೂ ಪಂಚಾಂಗ ಶ್ರವಣ ನಡೆಯುತ್ತದೆ. ಎಣ್ಣೆ ಕಾಯಿಸಿ, ಪೇಸ್ಟು ಹಾಕಿ ಬಾಡಿಸಿ, 400 ಮಿಲಿ ತೆಂಗಿನ ಹಾಲು ಸುರಿದು, ಸಣ್ಣ ಉರಿಯಲ್ಲಿ ಕುದಿಸಿ. ಇಷ್ಟೇ. "ನೋಡಿದ್ರಾ? ಹತ್ತು ನಿಮಿಷದ ಕೆಲಸ. ನೀವು ಬೆಳಗಿನ ಜಾವ ಎದ್ದು ಮಸಾಲೆ ರುಬ್ಬೋದು ಟೈಮ್ ವೇಸ್ಟ್" ಎಂದು ಹೆಂಗಸರ ಕಡೆ ತಿರುಗಿ ಒಂದು ಸಣ್ಣ ಭಾಷಣ. ಭಾಷಣ ಮುಗಿದ ಮೇಲೆ ತೆಂಗಿನ ಹಾಲಿನ ಡಬ್ಬಿಯನ್ನು ಬೆಂಗಳೂರಿನಲ್ಲೇ ಬಿಟ್ಟು ಬಂದದ್ದು ನೆನಪಾಗುತ್ತದೆ.

ತೆಂಗಿನ ಸೀಮೆಯಲ್ಲಿ ತೆಂಗಿನ ಹಾಲಿಗೇನು ಬರ? ಕಾಯಿ ಸುಲಿದದ್ದು ತಮ್ಮ, ಒಡೆದದ್ದು ಭಾವ, ತುರಿದದ್ದು ತಂಗಿ. ಮಿಕ್ಸಿಗೆ ಹಾಕುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತದೆ. ಹಿತ್ತಿಲಲ್ಲಿ ಬಟ್ಟೆ ಒಣಗಿಸುವ ಕಂಬಕ್ಕೆ ಆಸರೆಯಾಗಿದ್ದ ಒರಳುಕಲ್ಲನ್ನು ತೊಳೆದು ರುಬ್ಬಿದ್ದು ಹೆಂಡತಿ. ಬಟ್ಟೆಯಲ್ಲಿ ಹಾಕಿ ಹಿಂಡಿದ್ದು ರಜೆಯಲ್ಲಿದ್ದ ಅವ್ವ. ಮಹಾರಾಜರು ನಡುಮನೆಯಲ್ಲಿ ನಿಂತು, "ಮೊದಲ ಹಾಲು ಬೇರೆ, ಎರಡನೇ ಹಾಲು ಬೇರೆ ಇಡಿ, ಮಿಕ್ಸ್ ಮಾಡ್ಬೇಡಿ" ಎಂದು ಕೂಗುತ್ತಿರುತ್ತಾರೆ. ಈ ಜ್ಞಾನ ಅವರಿಗೆ ದಾರಿಯಲ್ಲಿ, ಯೆಡಿಯೂರಿನ ಹತ್ತಿರ ಕಾಫಿಗೆ ನಿಂತಾಗ, ಯೂಟ್ಯೂಬಿನಿಂದ ಬಂದದ್ದು. ಅವ್ವನಿಗೆ ಮದುವೆಯಾಗಿ ಬಂದ ವರ್ಷದಿಂದಲೂ ಗೊತ್ತಿದ್ದದ್ದು.

ಆಮೇಲೆ ಕಡ್ಡಿಯ ಪ್ರಕರಣ. ಬಿದಿರ ಕಡ್ಡಿಗಳೂ ಬೆಂಗಳೂರಿನಲ್ಲೇ ಉಳಿದಿವೆ. ಮಹಾರಾಜರ ಕಣ್ಣು ಮೂಲೆಯಲ್ಲಿದ್ದ ಹೊಸ ತೆಂಗಿನ ಪೊರಕೆಯ ಮೇಲೆ ಬೀಳುತ್ತದೆ. ಜಾವಾದಲ್ಲಿ ತೆಂಗಿನ ಗರಿಯ ಕಡ್ಡಿಗೆ ಸಾಟೇ ಪೋಣಿಸುವುದು ಇದ್ದದ್ದೇ, ಆ ಲೆಕ್ಕದಲ್ಲಿ ಮಹಾರಾಜರ ಬುದ್ಧಿ ಶಾಸ್ತ್ರೋಕ್ತವಾಗಿಯೇ ಓಡಿದೆ. ಆದರೆ ಶಾಸ್ತ್ರ ಮಹಾರಾಜರ ಅಜ್ಜಿಗೆ ಗೊತ್ತಿಲ್ಲ. ಯುಗಾದಿಗೆಂದು ಸಂತೆಯಲ್ಲಿ ಕೊಂಡ ಪೊರಕೆಯಿಂದ ಒಂದೊಂದೇ ಕಡ್ಡಿ ಕೀಳುವುದನ್ನು ಕಂಡು ಅಜ್ಜಿ ಜಗಲಿಯಿಂದಲೇ ಎದ್ದು ಬರುತ್ತಾಳೆ. "ಹೊಸ ವರ್ಸದ ದಿನ್ವೇ ಪೊರ್ಕೆ ಬಿಚ್ತಾ ಕುಂತವ್ನಲ್ಲೋ! ಲಕ್ಷ್ಮಿ ನಿಂತಾಳೇನ್ಲಾ ಮನೇಲಿ?" ಕೊನೆಗೆ ತೋಟದಿಂದ ಹಸಿ ಗರಿ ತಂದು ಕಡ್ಡಿ ಸೀಳಿ ಕೊಟ್ಟದ್ದು ಅಪ್ಪ. ಎಪ್ಪತ್ತು ದಾಟಿದ ಅಪ್ಪ ಅಡುಗೆಗೆಂದು ಕೈಹಚ್ಚಿದ್ದು ಅದೇ ಮೊದಲು, ಆದ್ದರಿಂದ ಮನೆಯವರೆಲ್ಲ ಅದರ ಫೋಟೋ ತೆಗೆದರು. ತೆಂಗಿನಕಾಯಿ ತುರಿದವಳ ಫೋಟೋ ಯಾರೂ ತೆಗೆಯಲಿಲ್ಲ.

ಮನೆಯಲ್ಲಿ ಮಾಂಸ ಬಿಟ್ಟ ಒಬ್ಬ ಅತ್ತೆ ಇರುತ್ತಾರೆ. ಅವರಿಗೆ ಆಲೂಗೆಡ್ಡೆಗೆ ಇದೇ ಪೇಸ್ಟು ಬಳಿದು ಕೊಡುವುದೆಂದು ಮಹಾರಾಜರು ಮಾತು ಕೊಟ್ಟಿದ್ದಾರೆ. ಹಾಸನದಲ್ಲಿ ಆಲೂಗೆಡ್ಡೆಗೂ ಬರವಿಲ್ಲ. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ನಮ್ಮ ದೇಶದ ಪೊಟ್ಟಣಗಳ ಮೇಲೆ ಸಸ್ಯಾಹಾರಕ್ಕೆ ಹಸಿರು ಚೌಕದೊಳಗೆ ಹಸಿರು ಬೊಟ್ಟು ಇರುತ್ತದೆಂದು ಚೆನ್ನಾಗಿ ಗೊತ್ತು. ಸೂಟ್‌ಕೇಸಿನಲ್ಲಿ ಬಂದ ಬಾಟಲಿಯನ್ನು ಸುತ್ತಲೂ ತಿರುಗಿಸಿ ನೋಡಿ, "ಹಸ್ರು ಬೊಟ್ಟೆಲ್ಲಪ್ಪಾ?" ಎಂದು ಕೇಳುತ್ತಾರೆ. ಮತ್ತೆ ಮೊಬೈಲು, ಮತ್ತೆ ಪಾರಾಯಣ. ನಿಂಬೆಹುಲ್ಲು, ಅರಿಸಿನ, ಧನಿಯ, ಬೆಳ್ಳುಳ್ಳಿ, ನಮ್ಮ ಶುಂಠಿಯ ದಾಯಾದಿ ಗಲಂಗಲ್, ಹುಣಸೆಹಣ್ಣು, ಎಲ್ಲ ಆದ ಮೇಲೆ ಬಾಲದಲ್ಲಿ ಒಣ ಸೀಗಡಿ. ಅತ್ತೆ ಸದ್ದಿಲ್ಲದೆ ಎದ್ದು ಹೋಗಿ ಮೊಸರನ್ನಕ್ಕೆ ಒಗ್ಗರಣೆ ಹಾಕಿಕೊಳ್ಳುತ್ತಾರೆ. ಆ ದಿನ ಹೊತ್ತಿಗೆ ಸರಿಯಾಗಿ ಊಟ ಮಾಡಿದವರು ಅವರೊಬ್ಬರೇ.

ಬಾಟಲಿಯ ಮೇಲೆ ಮಹಾರಾಜರು ಓದದೇ ಬಿಟ್ಟ ಇನ್ನೊಂದು ಸಾಲಿದೆ: ನಾಲ್ಕು ಜನಕ್ಕೆ. ಪಂಕ್ತಿಯಲ್ಲಿ ಅದರ ನಾಲ್ಕೈದು ಪಟ್ಟು ಎಲೆ ಬೀಳಬೇಕು. ಪೇಸ್ಟು ಬಾಣಲೆಗೆ ಬಿದ್ದಿದೆ, ತೆಂಗಿನ ಹಾಲೂ ಬಿದ್ದಿದೆ, ಮೂರು ನಾಟಿಕೋಳಿಗಳು ಪಕ್ಕದ ತಪ್ಪಲೆಯಲ್ಲಿ ಕಾದಿವೆ. ಮಹಾರಾಜರು ನೀರು ಸೇರಿಸುತ್ತಾರೆ. ನೋಡುತ್ತಾರೆ. ಇನ್ನಷ್ಟು ಸೇರಿಸುತ್ತಾರೆ. ನಾಲಗೆಗೆ ಹಚ್ಚಿ ನೋಡಿದರೆ ಸಿಂಗಪುರವೂ ಇಲ್ಲ, ಕಟ್ಟಾಯವೂ ಇಲ್ಲ. ನಾಟಿಕೋಳಿಯ ತುಂಡನ್ನು ಕಡ್ಡಿಗೆ ಚುಚ್ಚಲು ಹೋದರೆ ಕಡ್ಡಿ ಮುರಿಯುತ್ತದೆ. ಕೆಂಡದ ಮೇಲೆ ಐದು ನಿಮಿಷದಲ್ಲಿ ಬೇಯಲು ಅದೇನು ಎಳೆಯ ಫಾರಂ ಕೋಳಿಯೇ? ಊರೆಲ್ಲ ಮೇಯ್ದು ಮೈಕಟ್ಟು ಬೆಳೆಸಿದ ಹುಂಜ.

ಇಂಥ ಹೊತ್ತಿನಲ್ಲಿ ಮಹಾರಾಜರಿಗೆ ಆಫೀಸಿನಿಂದ ಫೋನು ಬರುತ್ತದೆ. ಹಬ್ಬದ ರಜೆಯಲ್ಲೂ ಬರುತ್ತದೆ. ಮಾತಾಡುತ್ತಾ ಅವರು ತೋಟದ ಕಡೆ ನಡೆಯುತ್ತಾರೆ.

ಅವ್ವ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ಬರುತ್ತಾಳೆ. ಬಾಣಲೆಯಲ್ಲಿ ಬೆರಳದ್ದಿ ಚಪ್ಪರಿಸಿ, "ಕಡ್ಲೆಬೀಜ, ಹುಣ್ಸೆಹಣ್ಣು, ಬೆಲ್ಲ, ಧನಿಯ, ಮೆಣ್ಸಿನ್ಕಾಯಿ. ಪುಳಿಯೋಗರೆ ಗೊಜ್ಜಿಗೆ ಬೆಳ್ಳುಳ್ಳಿ ಹಾಕವ್ರೆ ಕಣವ್ವಾ" ಎಂದು ಸೊಸೆಗೆ ತೀರ್ಪು ಹೇಳುತ್ತಾಳೆ.

ತೀರ್ಪಿನಲ್ಲಿ ತಪ್ಪೇನಿಲ್ಲ. ಮೇಲುಕೋಟೆಯ ಪುಳಿಯೋಗರೆಗೂ ಜಾವಾದ ಸಾಟೇಗೂ ಅರ್ಧ ಸಾಮಾನು ಒಂದೇ ಅಂಗಡಿಯದು. ಹುಳಿ, ಸಿಹಿ, ಖಾರ, ಎಣ್ಣೆಬೀಜ, ಇಷ್ಟನ್ನು ಎಣ್ಣೆ ಬಿಡುವ ತನಕ ಕುದಿಸಿದರೆ ಎಲ್ಲಿಯ ಗೊಜ್ಜಾದರೂ ಕೆಡದೆ ನಿಲ್ಲುತ್ತದೆ. ಕಡಲೆಕಾಯಿಯೂ ಮೆಣಸಿನಕಾಯಿಯೂ ಅಮೆರಿಕ ಖಂಡಗಳ ಕಡೆಯಿಂದ ಹಡಗೇರಿ ಬಂದವು, ಅವರಿಗೂ ನಮಗೂ ಐದು ನೂರು ವರ್ಷದೊಳಗಿನ ನೆಂಟರು. ಗೊಜ್ಜನ್ನು ಮಾಡಿಟ್ಟು ಬೇಕಾದಾಗ ಕಲಸಿಕೊಳ್ಳುವುದು ನಮಗೂ ಹೊಸತಲ್ಲ. ಮಗ ಹಾಸ್ಟೆಲಿನಲ್ಲಿದ್ದಾಗ ಹಾರ್ಲಿಕ್ಸ್ ಬಾಟಲಿಯಲ್ಲಿ ಪುಳಿಯೋಗರೆ ಗೊಜ್ಜು ತುಂಬಿ, ಮುಚ್ಚಳಕ್ಕೆ ಬಟ್ಟೆ ಬಿಗಿದು ಬಸ್ಸಿಗೆ ಹತ್ತಿಸಿದವಳು ಇದೇ ಅವ್ವ. ಅಂಗಡಿಯೂ ಈ ದಾರಿ ಹಿಡಿದು ಬಹಳ ಕಾಲವಾಗಿದೆ. ಬೆಂಗಳೂರಿನಲ್ಲಿ 1924ರಲ್ಲಿ ಹೋಟೆಲಾಗಿ ಶುರುವಾದ ಎಂಟಿಆರ್, ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗಳಿಗೆ ದರ ಕಟ್ಟಿದಾಗ ಹೋಟೆಲು ನಡೆಸುವುದು ಕಷ್ಟವಾಗಿ, ಪುಡಿ ಮತ್ತು ಮಿಕ್ಸುಗಳ ಪೊಟ್ಟಣಕ್ಕೆ ಇಳಿಯಿತು. 2007ರಲ್ಲಿ ಆ ಪೊಟ್ಟಣದ ವ್ಯಾಪಾರವನ್ನು ನಾರ್ವೆ ದೇಶದ ಓರ್ಕ್ಲಾ ಕಂಪನಿ ಕೊಂಡುಕೊಂಡಿತು. ನಮ್ಮ ಸಾರಿನಪುಡಿಯ ಲೆಕ್ಕ ನಾರ್ವೆಗೆ ಹೋಗಬಹುದಾದರೆ ಜಾವಾದ ಗೊಜ್ಜು ಕಟ್ಟಾಯಕ್ಕೆ ಬರುವುದರಲ್ಲಿ ಏನು ಅತಿಶಯ? ಬಾಟಲಿಯ ಮೇಲೆ ಅವ್ವನಿಗೆ ಯಾವ ಸಿಟ್ಟೂ ಇಲ್ಲ. ಅದನ್ನು ತೆರೆಯುವುದೇ ಅಡುಗೆ ಎಂದುಕೊಂಡವನ ಮೇಲೂ ಇಲ್ಲ, ಹೆತ್ತವಳಲ್ಲವೇ.

ಒಂದು ಹಿಡಿ ಕಡಲೆಬೀಜ ಹುರಿದು, ಧನಿಯ, ಗಸಗಸೆ, ಚಕ್ಕೆ, ಲವಂಗ, ಇನ್ನೊಂದು ಹೋಳು ಕಾಯಿ ಸೇರಿಸಿ ಅವ್ವ ಮತ್ತೆ ರುಬ್ಬಿಸುತ್ತಾಳೆ. ಕೋಳಿ ಕುಕ್ಕರಿಗೆ ಹೋಗುತ್ತದೆ. ಬಾಣಲೆಯಲ್ಲಿದ್ದದ್ದನ್ನೂ ಕುಕ್ಕರಿಗೇ ಸುರಿದು ಮುಚ್ಚಳ ಹಾಕುತ್ತಾಳೆ. ಕೂಗು ಬರುವ ಹೊತ್ತಿಗೆ ಮಹಾರಾಜರೂ ಫೋನು ಮುಗಿಸಿ ಬರುತ್ತಾರೆ. ಮುಚ್ಚಳ ತೆಗೆದು ಪರಿಮಳ ಹೀರಿ, "ನಾನ್ ಹೇಳ್ಲಿಲ್ವಾ?" ಎಂದು ಎಲ್ಲರನ್ನೂ ಒಮ್ಮೆ ನೋಡುತ್ತಾರೆ.

ಊಟಕ್ಕೆ ಮುದ್ದೆ, ಒತ್ತು ಶಾವಿಗೆ, ಮಹಾರಾಜರ ಸಾಟೇ. ಕಡ್ಡಿಗಳು ದಂಡವಾಗಬಾರದೆಂದು ಬೆಂದ ತುಂಡುಗಳಿಗೆ ಒಂದೊಂದು ಚುಚ್ಚಿ ತಟ್ಟೆಯಲ್ಲಿ ಜೋಡಿಸಿ, ಸೌತೆಕಾಯಿ ಬಿಲ್ಲೆ ಇಟ್ಟು, ಫೋಟೋ ತೆಗೆದು ಗ್ರೂಪಿಗೆ ಹಾಕಿದ ಮೇಲೆ ಕಡ್ಡಿ ಕಿತ್ತು ಎಸೆಯುತ್ತಾರೆ. ಮುದ್ದೆ ಅದ್ದಿ ನುಂಗುವವರಿಗೆ ಕಡ್ಡಿ ಯಾಕೆ? ಭಾವ ಎರಡನೇ ಮುದ್ದೆ ಹಾಕಿಸಿಕೊಂಡು, "ಎಸ್ರು ಬೊಂಬಾಟಾಗದೆ ಕಣಯ್ಯ" ಎನ್ನುತ್ತಾರೆ. ಅಪ್ಪ ಮಾತಾಡದೆ ಬೆರಳು ನೆಕ್ಕುತ್ತಾರೆ. ಸಣ್ಣ ಹುಡುಗನೊಬ್ಬ ಮಾತ್ರ, "ದೊಡ್ಡಪ್ಪ, ಇದು ಅಜ್ಜಿ ಮಾಡೋ ಕೋಳಿ ಸಾರೇ ಅಲ್ವಾ?" ಎಂದು ಕೇಳಿ, ಅವರಮ್ಮನಿಂದ ತೊಡೆಗೆ ಚಿವುಟಿಸಿಕೊಳ್ಳುತ್ತಾನೆ. ಗ್ರೂಪಿನಲ್ಲಿ ಆ ಹೊತ್ತಿಗಾಗಲೇ "ಅತ್ತಿಗೆ ಪುಣ್ಯವಂತೆ" ಎಂಬ ಮೆಸೇಜುಗಳು ಬೀಳುತ್ತಿವೆ. ಪುಣ್ಯವಂತೆ ಹಿತ್ತಿಲಲ್ಲಿ ಬಾಣಲೆ ಉಜ್ಜುತ್ತಿದ್ದಾಳೆ.

ಬಾಟಲಿಯ ತಳದಲ್ಲಿ ಎರಡು ಚಮಚ ಪೇಸ್ಟು ಉಳಿದಿರುತ್ತದೆ. ಅದು ಫ್ರಿಜ್ಜಿನ ಬಾಗಿಲಿಗೆ ಹೋಗಿ, ಹಿಂದಿನ ವರ್ಷತೊಡಕಿನ ಶೆಜ್ವಾನ್ ಚಟ್ನಿ, ಅದರ ಹಿಂದಿನ ವರ್ಷದ ಪಿಜ್ಜಾ ಸಾಸು, ಇವುಗಳ ಸಾಲಿಗೆ ಸೇರುತ್ತದೆ. ತೆರೆದ ಮೇಲೆ ಬೇಗ ಮುಗಿಸಿ ಎಂದು ಎಲ್ಲದರ ಮೇಲೂ ಬರೆದಿದೆ. ಮಹಾರಾಜರು ಅದನ್ನೂ ಓದಿಲ್ಲ.

ಮಹಾರಾಜರು ಕೆಟ್ಟವರಲ್ಲ. ತಮ್ಮ ಅಪ್ಪಂದಿರಿಗಿಂತ ಒಂದು ಹೆಜ್ಜೆ ಮುಂದಿದ್ದಾರೆ, ಅಡುಗೆಮನೆ ಯಾವ ದಿಕ್ಕಿಗಿದೆ ಎಂದಾದರೂ ಗೊತ್ತು. ಬಾಟಲಿಯೂ ಕೆಟ್ಟದ್ದಲ್ಲ. ಅದರೊಳಗಿನ ಮಸಾಲೆಯನ್ನು ಎಲ್ಲೋ ಯಾರೋ ಹುರಿದು ರುಬ್ಬಿದ್ದಾರೆ, ಅವರ ಹೆಸರು ಚೀಟಿಯ ಮೇಲಿಲ್ಲ. ಇಲ್ಲಿ ಒರಳಿನ ಮುಂದೆ ಕೂತವರ ಹೆಸರೂ ಗ್ರೂಪಿನಲ್ಲಿಲ್ಲ. ಆದ್ದರಿಂದ ಇಂಥ ಮಹಾರಾಜರು ಇರುವ ಮನೆಗಳ ಹೆಂಗಸರಲ್ಲಿ ನನ್ನದೊಂದು ಅರಿಕೆ. ಮುಂದಿನ ವರ್ಷತೊಡಕಿಗೆ ಅವರು ಬಾಟಲಿ ತಂದರೆ ಬೇಡವೆನ್ನಬೇಡಿ, ಖುಷಿಯಿಂದ ಬರಮಾಡಿಕೊಳ್ಳಿ. ಕೈಗೆ ತುರಿಮಣೆ ಕೊಟ್ಟು, ಮೊಬೈಲು ಇಸಿದುಕೊಂಡು, ಮನೆಯ ಹೆಂಗಸರೆಲ್ಲ ಒಟ್ಟಿಗೆ ಹಾಸನಕ್ಕೆ ಸಿನಿಮಾ ನೋಡಲು ಹೊರಟುಬಿಡಿ. ರಾತ್ರಿ ಊಟಕ್ಕೆ ಏನು ಸಿಕ್ಕರೂ ಚೆನ್ನಾಗಿದೆ ಎನ್ನಿ. ಪಾತ್ರೆಗಳನ್ನು ಮಾತ್ರ ಮುಟ್ಟಬೇಡಿ.